ಬೆತ್ತಕ್ಕೂ ಅಳದ ಹುಡುಗ

(ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮಕ್ಕಳ ಡಾಕ್ಟರು. ಶಾಲೆಯ ಬಗ್ಗೆ ನಾಲ್ಕು ಮಾತಾಡಿ ಎಂದಿರಿ. ನನಗೆ ಮೊದಲು ನೆನಪಾಗುವುದು ಒಬ್ಬ ಸಹಪಾಠಿ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೆಸರು ಮಾತ್ರ ಬೇಡ.

ಎಂಟನೇ ತರಗತಿಯಲ್ಲಿ ಲೆಕ್ಕ ತಪ್ಪಿದರೆ ನಾವೆಲ್ಲ ಬೆತ್ತ ಮೇಲೇಳುವ ಮೊದಲೇ ಅಳುತ್ತಿದ್ದೆವು. ಅವನು ಕೈಚಾಚಿ ಕಲ್ಲಿನಂತೆ ನಿಲ್ಲುತ್ತಿದ್ದ. ಅಳಲಿಲ್ಲವೆಂದು ಎರಡು ಏಟು ಹೆಚ್ಚೇ ಬೀಳುತ್ತಿದ್ದವು. 'ಎಮ್ಮೆ ಚರ್ಮ' ಎಂದು ಅವನಿಗೆ ಹೆಸರಿಟ್ಟವನು ನಾನೇ. ಬಾಣಂತನದಲ್ಲೇ ತಾಯಿ ತೀರಿಕೊಂಡು, ಅಜ್ಜಿ ಮನೆ, ದೊಡ್ಡಪ್ಪನ ಮನೆ, ಅತ್ತೆ ಮನೆ ಎಂದು ಕೈಯಿಂದ ಕೈಗೆ ಬೆಳೆದವನು ಎಂಬುದು ಎಲ್ಲರಿಗೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಇರಲಿಲ್ಲ.

ಅದು ಬಂದದ್ದು ರುಮೇನಿಯಾ ದೇಶದ ಒಂದು ಅಧ್ಯಯನ ಓದಿದಾಗ. ರಾಜಧಾನಿ ಬುಕಾರೆಸ್ಟ್‌ನ ಅನಾಥಾಲಯಗಳಲ್ಲಿ ಕೂಸುಗಳಿಗೆ ಹಾಲಿತ್ತು, ಎತ್ತಿಕೊಳ್ಳುವ ಕೈ ಸಾಲದಿತ್ತು. 2000ದ ಸುಮಾರಿಗೆ 136 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು, ಚೀಟಿ ಎತ್ತಿದ ಹಾಗೆ ಆರಿಸಿ, ಸಾಕುವ ಮನೆಗಳಿಗೆ ಕಳಿಸಿದರು. ಹನ್ನೆರಡರ ವಯಸ್ಸಿನಲ್ಲಿ ಇವರನ್ನೆಲ್ಲ ಅಪರಿಚಿತರೆದುರು ಮಾತಾಡಿಸಿ, ಲೆಕ್ಕ ಕೇಳಿ, ಎದೆಬಡಿತವನ್ನೂ ಕಾರ್ಟಿಸಾಲ್ ಎಂಬ ಹಾರ್ಮೋನನ್ನೂ ಅಳೆದರು. ಹೆತ್ತವರ ಮನೆಯಲ್ಲಿ ಬೆಳೆದ ಮಕ್ಕಳಿಗೆ ಅವು ಏರಿದವು. ಅನಾಥಾಲಯದಲ್ಲೇ ಉಳಿಸಿದ್ದ ಗುಂಪಿಗೆ ಅಷ್ಟು ಏರಲೇ ಇಲ್ಲ. ಎರಡು ವರ್ಷ ತುಂಬುವ ಮೊದಲೇ ಸಾಕುಮನೆ ಸೇರಿದವರು ಬಹುಮಟ್ಟಿಗೆ ಹೆತ್ತವರ ಬಳಿ ಬೆಳೆದವರಂತೆಯೇ ಇದ್ದರು.

ಹೆದರಿಕೆ ಏರಿ ಮತ್ತೆ ಇಳಿಯುವುದನ್ನೂ ಮೈ ಮಡಿಲಲ್ಲೇ ಕಲಿಯುತ್ತದೆ. ಕೂಸು ಅಳುತ್ತದೆ, ಯಾರೋ ಎತ್ತಿಕೊಳ್ಳುತ್ತಾರೆ, ಎದೆ ತಣ್ಣಗಾಗುತ್ತದೆ. ದಿನಕ್ಕೆ ಹತ್ತು ಸಲ. ಕೂಲಿಗೆ ಹೋಗುವ ತಾಯಂದಿರು ಗಾಬರಿಯಾಗಬೇಡಿ. ನಮ್ಮವ್ವನೂ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕಳೆ ತೆಗೆದವಳೇ. ಅತ್ತರೆ ಬರುವ ಗುರುತಿನ ಕೈ ಒಂದಿರಬೇಕು, ಅದು ಅಜ್ಜಿಯದಾದರೂ ಆದೀತು.

ನನ್ನ ಗೆಳೆಯನ ಎದೆಬಡಿತವನ್ನು ಯಾರೂ ಅಳೆದಿಲ್ಲ. ಇದೇ ಕಾರಣವೆಂದು ಡಾಕ್ಟರಾಗಿ ಆಣೆ ಮಾಡಲಾರೆ. ಆದರೆ ಪೆಟ್ಟಿಗೆ ಅಳದ ಮಗು ನನ್ನ ಬಳಿ ಬಂದರೆ, ಗಟ್ಟಿ ಮಗು ಎಂದು ಈಗ ಹೊಗಳುವುದಿಲ್ಲ. ಮನೆಯಲ್ಲಿ ಯಾರ ಪಕ್ಕ ಮಲಗುತ್ತೀಯಪ್ಪಾ ಎಂದು ಕೇಳುತ್ತೇನೆ.

ಮೊನ್ನೆ ಫೋನ್ ಮಾಡಿ ಆ ಅಡ್ಡಹೆಸರಿಗಾಗಿ ಕ್ಷಮೆ ಕೇಳಿದೆ. ನಕ್ಕ. ಆಮೇಲೆ ಕೇಳಿದ್ದು ಒಂದೇ: "ಗಂಟೆ ಹೊಡೀತಿದ್ದ ಅಣ್ಣ ಇದ್ದಾರೇನೋ?" ಮಧ್ಯಾಹ್ನ ತಮ್ಮ ಬುತ್ತಿಯ ರೊಟ್ಟಿ ಮುರಿದು ದಿನಾ ಅವನಿಗೆ ಅರ್ಧ ಕೊಡುತ್ತಿದ್ದ ನಮ್ಮ ಶಾಲೆಯ ಜವಾನರು.

ಅಣ್ಣಾ, ಮೂರನೇ ಸಾಲಿನಲ್ಲಿ ಕೂತಿದ್ದೀರಿ, ಕಾಣುತ್ತಿದೆ. ಸಭೆ ಮುಗಿದ ಮೇಲೆ ಹೋಗಬೇಡಿ, ಅವನ ಜೊತೆ ಮಾತಾಡಿಸುತ್ತೇನೆ.