ಸಂಪಾದಕನ ಮಗ



ಸಾಹಿತ್ಯದ ನೊಬೆಲ್ ಪಡೆದ ಮೊದಲ ಅಮೆರಿಕನ್ ಸಿಂಕ್ಲೇರ್ ಲೂಯಿಸ್. ಪ್ರಶಸ್ತಿ ಬಂದದ್ದು 1930ರಲ್ಲಿ. ಪ್ರಜಾಪ್ರಭುತ್ವ ಸರ್ವಾಧಿಕಾರವಾಗುವ ಕಥೆಯಾದ ‘ಇಟ್ ಕಾಂಟ್ ಹ್ಯಾಪನ್ ಹಿಯರ್’ ಪ್ರಕಟವಾದದ್ದು 1935ರಲ್ಲಿ. ಈಗ ಅದನ್ನು ಹೆಚ್ಚಿನವರು ಓದುವುದು ಕಾಲಜ್ಞಾನದಂತೆ: ಅದರ ಸರ್ವಾಧಿಕಾರಿ ಬಜ್ ವಿಂಡ್ರಿಪ್‌ನ ಅಂಗಿ ಇಂದಿನ ಯಾವ ನಾಯಕನಿಗೆ ಹೊಂದುತ್ತದೆ ಎಂದು ಅಳತೆ ಹಿಡಿಯುತ್ತ. ಈ ಓದಿನಿಂದ ನಮಗೊಂದು ಅನುಕೂಲವಿದೆ, ತಪ್ಪೆಲ್ಲ ಒಬ್ಬನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದು. ವಿಂಡ್ರಿಪ್‌ಗೆ ಕೆಲಸ ಮಾಡಿಕೊಟ್ಟ ವಿದ್ಯಾವಂತರ ಕಡೆ ನಿಮ್ಮ ಗಮನ ಸೆಳೆಯುವುದು ನನ್ನ ಉದ್ದೇಶ.

ವಿಂಡ್ರಿಪ್ ಗದ್ದುಗೆ ಏರುವುದು ಚುನಾವಣೆ ಗೆದ್ದು. ಪ್ರತಿ ಕುಟುಂಬಕ್ಕೂ ವರ್ಷಕ್ಕೆ ಸುಮಾರು ಐದು ಸಾವಿರ ಡಾಲರ್ ಎಂಬ ಆಶ್ವಾಸನೆ ಇರುವ ಅದೇ ಹದಿನೈದು ಅಂಶಗಳ ಪ್ರಣಾಳಿಕೆಯ ಕೊನೆಯಲ್ಲಿ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಇನ್ನು ಸಲಹೆ ಕೊಟ್ಟರೆ ಸಾಕು, ಸುಪ್ರೀಂ ಕೋರ್ಟ್ ಅಧ್ಯಕ್ಷನ ಕ್ರಮಗಳನ್ನು ರದ್ದು ಮಾಡುವಂತಿಲ್ಲ ಎಂದೂ ಇರುತ್ತದೆ. ಬಚ್ಚಿಟ್ಟದ್ದು ಏನೂ ಇಲ್ಲ. ಇದು ಲೂಯಿಸ್ ಗಾಳಿಯಲ್ಲಿ ಕಟ್ಟಿದ ಕಥೆಯೂ ಅಲ್ಲ. 1933ರ ಮಾರ್ಚ್ 23ರಂದು ಜರ್ಮನಿಯ ಸಂಸತ್ತು 94ರ ವಿರುದ್ಧ 444 ಮತಗಳಿಂದ ಶಾಸನಾಧಿಕಾರವನ್ನು ಹಿಟ್ಲರನ ಸರ್ಕಾರಕ್ಕೆ ಬರೆದುಕೊಟ್ಟಿತ್ತು. ಕಮ್ಯುನಿಸ್ಟ್ ಸದಸ್ಯರನ್ನು ಹೊರಗಿಡಲಾಗಿತ್ತು, ಹಿಟ್ಲರನ ಸಮವಸ್ತ್ರದ ಪಡೆ ಸಭೆಯ ಒಳಗಿತ್ತು. ಆದರೂ ಕಾಗದದ ಮೇಲೆ ಎಲ್ಲವೂ ಕ್ರಮಬದ್ಧ. ಮರುವರ್ಷ ಆ ಸರ್ಕಾರ ದೇಶದಿಂದ ಹೊರಹಾಕಿದ ಪತ್ರಕರ್ತೆ ಡೊರೊಥಿ ಥಾಂಪ್ಸನ್ ಈ ಲೂಯಿಸ್‌ನ ಹೆಂಡತಿ.

ಕಾದಂಬರಿ ಅವಸರದ್ದು, ಉತ್ತರಾರ್ಧ ಜಾಳುಜಾಳು. ಅದನ್ನು ಒಪ್ಪಿಕೊಂಡೇ ಮಾತನಾಡೋಣ. ಆದರೆ ಫಿಲಿಪ್ ಎಂಬ ಚಿಕ್ಕ ಪಾತ್ರ ಅದರಲ್ಲಿದೆ. ವರ್ಮಾಂಟ್‌ನ ಸಣ್ಣ ಊರಿನ ಸಂಪಾದಕ ಡೋರಿಮಸ್ ಜೆಸಪ್‌ನ ಮಗ, ಕಾನೂನು ಓದಿದ ವಕೀಲ. ಅವನ ಒಡಹುಟ್ಟಿದವಳ ಗಂಡನನ್ನು, ಒಬ್ಬ ವೈದ್ಯನನ್ನು, ಹೊಸ ಆಡಳಿತ ಗುಂಡಿಟ್ಟು ಕೊಂದಿದೆ. ಆಮೇಲೂ ಫಿಲಿಪ್ ಅಪ್ಪನ ಬಳಿ ಬಂದು ಸರ್ಕಾರದ ಜೊತೆ ಹೊಂದಿಕೊಂಡು ಹೋಗಿ ಎಂದು ಬುದ್ಧಿ ಹೇಳುತ್ತಾನೆ. ಅದೇ ಆಡಳಿತದ ನ್ಯಾಯಪೀಠದಲ್ಲಿ ಅವನಿಗೆ ಜಾಗ ಸಿದ್ಧವಾಗಿರುತ್ತದೆ. ಅವನು ಕ್ರೂರಿಯಲ್ಲ, ದಡ್ಡನೂ ಅಲ್ಲ. ಮಾಡುತ್ತಿರುವುದಕ್ಕೆ ಸಭ್ಯ ಕಾರಣ ಹುಡುಕಿಕೊಳ್ಳಲು ಓದು ಅವನಿಗೆ ನೆರವಾಗಿದೆ. ಬೀದಿಯಲ್ಲಿ ಲಾಠಿ ಬೀಸಲು ಪದವಿ ಬೇಕಿಲ್ಲ; ತೀರ್ಪು ಬರೆಯಲು, ಸುತ್ತೋಲೆ ಹೊರಡಿಸಲು, ಪಠ್ಯ ತಿದ್ದಲು ಬೇಕು.

ಅಮೆರಿಕದಲ್ಲಿ ಹಾಗೇನೂ ಆಗಲಿಲ್ಲವಲ್ಲ, 1936ರ ಚುನಾವಣೆಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗೆದ್ದರಲ್ಲ ಎಂದು ನೀವು ಕೇಳಬಹುದು. ನಿಜ. ಆ ವರ್ಷ ಅಕ್ಟೋಬರ್ 27ರಂದು ಸರ್ಕಾರದ್ದೇ ಹಣದಲ್ಲಿ ನಡೆಯುತ್ತಿದ್ದ ಫೆಡರಲ್ ಥಿಯೇಟರ್ ಈ ಕಥೆಯ ನಾಟಕವನ್ನು ಹಲವು ನಗರಗಳಲ್ಲಿ ಏಕಕಾಲಕ್ಕೆ ಆಡಿಸಿತು. ಆದರೆ ಸಿನಿಮಾ ಹಕ್ಕು ಪಡೆದಿದ್ದ ಎಂಜಿಎಂ ಕಂಪನಿ ಅದೇ ವರ್ಷ ಆ ಚಿತ್ರವನ್ನು ಕೈಬಿಟ್ಟಿತು. ಸರ್ವಾಧಿಕಾರಿಯೇ ಇಲ್ಲದ ದೇಶದಲ್ಲೂ ಮುಂಚಿತವಾಗಿ ಹಿಂಜರಿಯುವವರು ಇದ್ದರು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಮನೆ ನಡೆಸಬೇಕು, ಶಿಕ್ಷಣ ಸಾಲ ತೀರಿಸಬೇಕು, ಅಂಥವರಿಂದ ವೀರತನ ಕೇಳುವುದು ನ್ಯಾಯವೇ? ಲೂಯಿಸ್ ಕೇಳುವುದೂ ಇಲ್ಲ. ಜೆಸಪ್ ವೀರನಲ್ಲ, ಗೆಳೆಯರ ನಡುವೆ ಮೊದಲೇ ಎಚ್ಚರಿಸಿದವನು, ಆಮೇಲೆ ಪುಸ್ತಕಗಳ ನಡುವೆ ಕಾಲ ತಳ್ಳಿದವನು. ಈ ಗತಿಗೆ ತನ್ನಂಥ ಮರ್ಯಾದಸ್ಥ, ಆಲಸಿ ಮನಸ್ಸಿನವರೇ ಕಾರಣವೆಂದು ಆತ ಕೊನೆಗೆ ಒಪ್ಪಿಕೊಳ್ಳುತ್ತಾನೆ. ಪ್ರಶ್ನೆ ಧೈರ್ಯಕ್ಕಿಂತ ಹೆಚ್ಚಾಗಿ ಹೊತ್ತಿನದು. ಚುನಾವಣೆಗೆ ಮುಂಚೆ ಕಟುವಾದ ಒಂದು ಸಂಪಾದಕೀಯಕ್ಕೆ ಅವನು ತೆರಬೇಕಿದ್ದ ಬೆಲೆ ಒಂದಷ್ಟು ಚಂದಾದಾರರು, ಊರಿನ ಕ್ಲಬ್ಬಿನಲ್ಲಿ ಕೆಲವರ ಮುನಿಸು. ಅವನು ಕಾದ. ಎರಡು ಕೊಲೆಗಳಾದ ಮೇಲೆ ಬರೆದ. ಆಗ ಅವನನ್ನು ಬಂಧಿಸಿದರು, ಅವನ ಪರವಾಗಿ ಕೂಗಾಡಿದ ಅಳಿಯನನ್ನು ಕೊಂದರು.