ಮಿನಮಾಟಾ ಕಲಿಸಿದ ಪಾಠ

ಕಡಲ ಮೀನಿನಲ್ಲಿ ಪಾದರಸವಿದೆ ಎಂದೊಡನೆ, ಮೀನು ತಿನ್ನಬೇಕೋ ಬಿಡಬೇಕೋ ಎಂಬ ಚಿಂತೆ ಹತ್ತುತ್ತದೆ. ಆ ವಿಷ ಎಲ್ಲಿಂದ ಬಂತು, ಗೊತ್ತಾದ ಮೇಲೂ ಯಾಕೆ ನಿಲ್ಲಲಿಲ್ಲ ಎಂದು ಕೇಳುವವರು ಕಡಿಮೆ. ಜಪಾನಿನ ಮಿನಮಾಟಾ ಊರಿನ ಚರಿತ್ರೆ ಈ ಎರಡನ್ನೂ ಕೇಳಲೇಬೇಕೆನ್ನುತ್ತದೆ.

ಅಲ್ಲಿನ ಚಿಸ್ಸೊ ಕಾರ್ಖಾನೆ 1932ರಲ್ಲಿ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ತಯಾರಿಸತೊಡಗಿತು. ಅದಕ್ಕೆ ಬಳಸುತ್ತಿದ್ದ ಪಾದರಸದ ಒಂದು ಪಾಲು ಮೀಥೈಲ್ ಪಾದರಸವಾಗಿ, ಕೊಳಚೆ ನೀರಿನ ಜೊತೆ ಕೊಲ್ಲಿ ಸೇರಿತು. ಸಣ್ಣ ಜೀವಿಯಿಂದ ಮೀನಿಗೆ, ಮೀನಿನಿಂದ ದೊಡ್ಡ ಮೀನಿಗೆ ಹೋದಂತೆಲ್ಲ ವಿಷದ ಸಾಂದ್ರತೆ ಏರಿತು. ಮೊದಲು ಊರ ಬೆಕ್ಕುಗಳು ಹುಚ್ಚೆದ್ದಂತೆ ಕುಣಿದು ಸತ್ತವು. 1956ರ ಮೇ 1ರಂದು ಕಾರ್ಖಾನೆಯದೇ ಆಸ್ಪತ್ರೆಯ ಮುಖ್ಯಸ್ಥ ಡಾ. ಹಾಜಿಮೆ ಹೊಸೊಕಾವಾ, ಕಾರಣ ತಿಳಿಯದ ನರರೋಗವೊಂದು ಹಬ್ಬುತ್ತಿದೆಯೆಂದು ಆರೋಗ್ಯ ಕಚೇರಿಗೆ ತಿಳಿಸಿದರು. ರೋಗಿಗಳ ಕೈಕಾಲು ಮರಗಟ್ಟುತ್ತಿದ್ದವು, ಮಾತು ತೊದಲುತ್ತಿತ್ತು, ನೋಟ ಕಿರಿದಾಗುತ್ತಿತ್ತು. ತಾಯಿಯಲ್ಲಿ ರೋಗದ ಚಿಹ್ನೆ ಅಷ್ಟಾಗಿ ಕಾಣದಿದ್ದರೂ ಮಗು ತೀವ್ರ ಊನದೊಂದಿಗೆ ಹುಟ್ಟಿದ್ದುಂಟು. ಮೀಥೈಲ್ ಪಾದರಸ ಮಾಸನ್ನು ದಾಟಿ ಭ್ರೂಣದ ಮಿದುಳನ್ನು ತಲುಪುತ್ತದೆಂದು ಜಗತ್ತು ತಿಳಿದದ್ದು ಹೀಗೆ.

1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಮೀಥೈಲ್ ಪಾದರಸದಂಥ ಸಾವಯವ ಪಾದರಸದತ್ತ ಬೆರಳು ತೋರಿಸಿದರು. ಅದೇ ವರ್ಷ ಹೊಸೊಕಾವಾ ಕಾರ್ಖಾನೆಯ ಕೊಳಚೆಯನ್ನು ಬೆರೆಸಿದ ಆಹಾರವನ್ನು ಪ್ರಯೋಗದ 400ನೇ ಸಂಖ್ಯೆಯ ಬೆಕ್ಕಿಗೆ ತಿನ್ನಿಸಿದರು. ಅದಕ್ಕೂ ಅದೇ ರೋಗ ಬಂತು. ಕಂಪನಿ ಆ ಫಲಿತಾಂಶವನ್ನು ಮುಚ್ಚಿಟ್ಟು, ಸಾಕಷ್ಟು ಪುರಾವೆಯಿಲ್ಲ ಎಂದು ವಾದಿಸಿತು. 1965ರಲ್ಲಿ ನಿಗಾಟಾದಲ್ಲಿ, ಇನ್ನೊಂದು ಕಂಪನಿಯ ಕೊಳಚೆಯಿಂದ, ಅದೇ ರೋಗ ಕಾಣಿಸಿತು. ಸರ್ಕಾರ ಕಾರಣವನ್ನು ಅಧಿಕೃತವಾಗಿ ಒಪ್ಪಿದ್ದು 1968ರ ಸೆಪ್ಟೆಂಬರ್‌ನಲ್ಲಿ. ಪುರಾವೆ ಪೂರ್ತಿಯಾಗಲಿ ಎಂದು ಕಾದ ಆ ಒಂಬತ್ತು ವರ್ಷಗಳ ಬೆಲೆಯನ್ನು ಮೀನುಗಾರರ ಕುಟುಂಬಗಳು ತೆತ್ತವು. ಅಪಾಯದ ಸುಳಿವು ಸಿಕ್ಕಾಗ, ಹಾನಿಯಿಲ್ಲವೆಂದು ತೋರಿಸುವ ಹೊಣೆ ವಿಷ ಬಿಡುವವರದಾಗಬೇಕೇ ಹೊರತು, ತಿಂದು ನರಳಿದವರದಲ್ಲ.

ಜ್ವಾಲಾಮುಖಿಗಳೂ ಪಾದರಸವನ್ನು ಉಗುಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಉಗುಳುತ್ತವೆ, ನಿಜ, ಆದರೆ ಕಲ್ಲಿದ್ದಲು ಸುಡುವುದು, ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆ ಮುಂತಾದವು ಆ ಹೊರೆಯನ್ನು ಬಹಳ ಹೆಚ್ಚಿಸಿವೆ, ಇವನ್ನು ತಗ್ಗಿಸುವುದು ನಮ್ಮ ಕೈಯಲ್ಲಿದೆ. ಇಂದಿನ ಮೀನಿನಲ್ಲಿರುವುದು ಮಿನಮಾಟಾದ ಪ್ರಮಾಣವಲ್ಲ ಎಂಬುದೂ ಸರಿ. ಕಡಿಮೆ ಪ್ರಮಾಣದ ಪರಿಣಾಮದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ: ತಿಮಿಂಗಿಲದ ಮಾಂಸ ತಿನ್ನುವ ಫೆರೋ ದ್ವೀಪಗಳ ಮಕ್ಕಳಲ್ಲಿ ನೆನಪು, ಗಮನ, ಭಾಷಾಶಕ್ತಿಯ ಕೊರತೆ ಕಂಡರೆ, ಮೀನನ್ನೇ ಹೆಚ್ಚು ತಿನ್ನುವ ಸೇಶೆಲ್ಸ್‌ನಲ್ಲಿ ಅಂಥ ಸ್ಪಷ್ಟ ಹಾನಿ ಕಾಣಲಿಲ್ಲ. ಮೀನಿನ ಪೋಷಕಾಂಶಗಳೂ ಮಗುವಿನ ಮಿದುಳಿಗೆ ಬೇಕಾದವೇ. ಆದ್ದರಿಂದ ಮೀನು ಬಿಡಬೇಕಿಲ್ಲ, ಆರಿಸಿ ತಿನ್ನಬೇಕು. ನಮ್ಮ ಕರಾವಳಿಯ ಭೂತಾಯಿ, ಬಂಗುಡೆಯಂಥ ಸಣ್ಣ ಮೀನುಗಳಲ್ಲಿ ಸಾಮಾನ್ಯವಾಗಿ ಪಾದರಸ ಕಡಿಮೆ. ಶಾರ್ಕ್‌ನಂಥ ಬೇಟೆ ಮೀನುಗಳಲ್ಲಿ ಹೆಚ್ಚು. ಗರ್ಭಿಣಿಯರು, ಬಾಣಂತಿಯರು, ಪುಟ್ಟ ಮಕ್ಕಳು ಅವುಗಳಿಂದ ದೂರವಿರುವುದು ಲೇಸು. ಈ ವಿಷ ಮೀನಿನ ಮಾಂಸಕ್ಕೇ ಅಂಟಿರುವುದರಿಂದ ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ.

ಆದರೆ ಅಡುಗೆಮನೆಯ ಎಚ್ಚರವೊಂದೇ ಸಾಲದು. ಪಾದರಸವನ್ನು ನಿಯಂತ್ರಿಸಲು ಮಾಡಿಕೊಂಡ, ಮಿನಮಾಟಾ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಒಪ್ಪಂದ ಕಾಗದದಲ್ಲಿ ಉಳಿಯದೆ, ವಿಷವನ್ನು ಅದರ ಮೂಲದಲ್ಲೇ ತಡೆಯಬೇಕೆಂದು ನಾವು ಪಟ್ಟು ಹಿಡಿದು ಕೇಳಬೇಕು.