ಡಲ್ಲಾಸಿನ ರಸ್ತೆ, ನಮ್ಮೂರ ಬಸ್ಸು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ್ದು 2004ರಲ್ಲಿ. ಹುಣಸೂರಿನಲ್ಲಿ ಪಿ.ಯು.ಸಿ., ಮೈಸೂರಿನಲ್ಲಿ ಬಿ.ಇ., ಆಮೇಲೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. 2015ರಿಂದ ಅಮೆರಿಕದ ದಕ್ಷಿಣ ಭಾಗದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಪಕ್ಕದ ಒಂದು ಊರಿನಲ್ಲಿದ್ದೇನೆ. ರಜೆಗೆ ಬಂದಾಗಲೆಲ್ಲ ಅರಳಿಕಟ್ಟೆಯಲ್ಲಿ ಕೂತವರು ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಚೆಂದವೋ, ಇಲ್ಲಿ ಚೆಂದವೋ?" ಆಗೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ. ಇವತ್ತು ಸಮಿತಿಯವರು ಹದಿನೈದು ನಿಮಿಷ ಕೊಟ್ಟಿದ್ದಾರೆ. ಹಾಗಾಗಿ ತೂಗಿ ನೋಡಿ ಹೇಳುತ್ತೇನೆ.

ಮೊದಲು ಅಲ್ಲಿಯ ಒಳ್ಳೆಯದನ್ನು ಹೇಳಬೇಕು. ರಸ್ತೆಗಳು ಅಗಲ, ಗುಂಡಿ ಬಿದ್ದರೆ ಬೇಗ ಮುಚ್ಚುತ್ತಾರೆ. 911ಕ್ಕೆ ಫೋನ್ ಮಾಡಿದರೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರೂ ಒಂದೇ ಕರೆಗೆ ಸಿಗುತ್ತವೆ. ಊರಿಗೊಂದು ಗ್ರಂಥಾಲಯ ಇದೆ. ಅಲ್ಲಿ ವಾಸವಿದ್ದರೆ ಸಾಕು, ಪುಸ್ತಕ ಬಿಟ್ಟಿ. ಹಳದಿ ಬಣ್ಣದ ಶಾಲಾ ಬಸ್ಸು ನಿಂತು ಕೆಂಪು ದೀಪ ಮಿನುಗಿಸಿತೆಂದರೆ ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎರಡೂ ಕಡೆಯ ವಾಹನಗಳು ನಿಲ್ಲಬೇಕು. ಮಗು ರಸ್ತೆ ದಾಟುವವರೆಗೆ ಯಾರೂ ಕದಲುವಂತಿಲ್ಲ. ಇದನ್ನು ಮೊದಲ ಸಲ ನೋಡಿದಾಗ ನಮ್ಮ ಹೆದ್ದಾರಿ ದಾಟಿ ಶಾಲೆಗೆ ಬರುವ ಮಕ್ಕಳು ನೆನಪಾದರು.

ಇನ್ನು ತಕ್ಕಡಿಯ ಮತ್ತೊಂದು ತಟ್ಟೆ. ನಮ್ಮವ್ವ ಒಂದು ಸಲ ಬಂದು ಐದು ತಿಂಗಳು ನಮ್ಮ ಜೊತೆ ಇದ್ದಳು. ಇಲ್ಲಿ ಅವ್ವ ಒಬ್ಬಳೇ ಬಸ್ಸು ಹತ್ತಿ ಹುಣಸೂರಿನ ಸಂತೆಗೆ ಹೋಗುತ್ತಾಳೆ, ಪಿರಿಯಾಪಟ್ಟಣದ ತವರಿಗೆ ಹೋಗುತ್ತಾಳೆ, ಮನಸ್ಸು ಬಂದರೆ ಮೈಸೂರಿನ ಆಸ್ಪತ್ರೆಗೂ ಹೋಗಿ ಬರುತ್ತಾಳೆ. ಅಲ್ಲಿ ಮನೆಯಿಂದ ಅಂಗಡಿಗೆ ಮೂರು ಮೈಲಿ. ಅರ್ಧ ದಾರಿಗೆ ಕಾಲುದಾರಿಯೇ ಇಲ್ಲ, ಬಸ್ಸೂ ಇಲ್ಲ. ನಾನೋ ನನ್ನ ಹೆಂಡತಿಯೋ ಕಾರು ತೆಗೆಯಬೇಕು. ವಾಪಸ್ ಬಂದ ಮೇಲೆ ಅವ್ವ ನೆಂಟರಿಗೆ ಹೇಳಿದ ಮಾತು ಇಷ್ಟೇ: "ಮನೆ ಅರಮನೆ ಇದ್ದಂಗಿದೆ ಕನವ್ವ. ಆದ್ರೆ ಮಗ ಕಾರು ತೆಗೀದೆ ಒಂದು ಪಾವು ಉಪ್ಪು ತರಂಗಿಲ್ಲ." ಮತ್ತೆ ಕರೆದರೆ ಬರಲು ಅವ್ವನಿಗೆ ಮನಸ್ಸಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಡಲ್ಲಾಸಿನ ಪಕ್ಕದಲ್ಲೇ ಆರ್ಲಿಂಗ್ಟನ್ ಎಂಬ ನಗರವಿದೆ. ಜನಸಂಖ್ಯೆ ನಾಲ್ಕು ಲಕ್ಷದ ಹತ್ತಿರ. ದೊಡ್ಡ ದೊಡ್ಡ ಕ್ರೀಡಾಂಗಣಗಳಿವೆ, ವಿಶ್ವವಿದ್ಯಾಲಯವಿದೆ. ಆದರೆ ನಮ್ಮಲ್ಲಿರುವ ಹಾಗೆ ಹೊತ್ತಿಗೆ ಸರಿಯಾಗಿ ಒಂದೇ ದಾರಿಯಲ್ಲಿ ಓಡುವ ಸಿಟಿ ಬಸ್ಸಿನ ಜಾಲವಿಲ್ಲ. ಫೋನಿನಲ್ಲಿ ಕರೆದರೆ ಬರುವ ಸಣ್ಣ ವ್ಯಾನುಗಳನ್ನು 2017ರಿಂದ ನಡೆಸುತ್ತಿದ್ದಾರೆ. ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಮಾರ್ಟಾ ಎಂಬ ಸಾರಿಗೆ ಸಂಸ್ಥೆಯ ಮೆಟ್ರೊ ರೈಲು 1979ರಿಂದ ಓಡುತ್ತಿದೆ. ಪಕ್ಕದ ಗ್ವಿನೆಟ್ ಕೌಂಟಿಗೂ ಆ ಸಂಸ್ಥೆಯನ್ನು ತರಬೇಕೇ ಎಂದು 1971ರಲ್ಲಿ, 1990ರಲ್ಲಿ, 2019ರಲ್ಲಿ ಜನರ ಮತ ಕೇಳಿದರು. ಮೂರು ಸಲವೂ ಜನ ಬೇಡ ಎಂದರು. ತೆರಿಗೆ ಹೆಚ್ಚುತ್ತದೆ ಎಂಬುದು ಒಂದು ಕಾರಣ. ಬಡವರು, ಕಪ್ಪು ಜನ ನಮ್ಮ ಕಡೆಗೆ ಬಂದಾರು ಎಂಬ ಅಳುಕು ಇನ್ನೊಂದು ಕಾರಣ ಎಂದು ಅಲ್ಲಿಯವರೇ ಬರೆದಿದ್ದಾರೆ. ಕಾರಿದ್ದವರಿಗೆ ಬಸ್ಸು ಬೇಕಾಗಿರಲಿಲ್ಲ. ಬಸ್ಸು ಬೇಕಾದವರ ದನಿ ಸಣ್ಣದಿತ್ತು.

ವಿದ್ಯುತ್ತು, ನೀರಿನ ವಿಷಯಕ್ಕೆ ಬರೋಣ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ಹಿಮಗಾಳಿ ಬೀಸಿತು. ಆ ರಾಜ್ಯದ ಬಹುಪಾಲು ವಿದ್ಯುತ್ ಜಾಲ ದೇಶದ ಉಳಿದ ಜಾಲದಿಂದ ಬೇರೆಯಾಗಿದೆ. ಚಳಿಗೆ ಗ್ಯಾಸ್ ಕೊಳವೆಗಳು, ವಿದ್ಯುತ್ ಕೇಂದ್ರಗಳು ಹೆಪ್ಪುಗಟ್ಟಿ ನಿಂತಾಗ ಹೊರಗಿನಿಂದ ಸಾಕಷ್ಟು ಕರೆಂಟು ತರಿಸಿಕೊಳ್ಳಲು ಆಗಲಿಲ್ಲ. 45 ಲಕ್ಷಕ್ಕೂ ಹೆಚ್ಚು ಮನೆ, ಕಟ್ಟಡಗಳು ಕತ್ತಲಾದವು. ರಾಜ್ಯ ಸರ್ಕಾರದ ಲೆಕ್ಕದಲ್ಲೇ ಸತ್ತವರು 246 ಮಂದಿ. ಅವರಲ್ಲಿ ಮನೆಯೊಳಗೇ ಚಳಿಗೆ ಸತ್ತವರಿದ್ದರು. ಹತ್ತು ವರ್ಷ ಮೊದಲು, 2011ರಲ್ಲಿ ಇಂಥದೇ ಚಳಿ ಬಂದು ಹೋದಾಗ ಯಂತ್ರಗಳಿಗೆ ಚಳಿ ತಡೆಯುವ ಏರ್ಪಾಡು ಮಾಡಿ ಎಂದು ತಜ್ಞರು ಹೇಳಿದ್ದರು. ಕಡ್ಡಾಯ ಮಾಡಿರಲಿಲ್ಲ.

ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜಾಕ್ಸನ್. 2022ರ ಆಗಸ್ಟ್ ಕೊನೆಯಲ್ಲಿ ಅಲ್ಲಿಯ ಪರ್ಲ್ ನದಿಗೆ ನೆರೆ ಬಂತು, ನೀರು ಶುದ್ಧೀಕರಣ ಘಟಕ ಕೈಕೊಟ್ಟಿತು. ಸುಮಾರು ಒಂದೂವರೆ ಲಕ್ಷ ಜನಕ್ಕೆ ಕುಡಿಯುವ ನೀರಿಲ್ಲ, ಶೌಚಾಲಯಕ್ಕೂ ನೀರಿಲ್ಲ. ಬಾಟಲಿ ನೀರಿಗಾಗಿ ಕಾರುಗಳ ಸಾಲು ನಿಂತಿತು. ನೆರೆ ಒಂದು ನೆಪ ಅಷ್ಟೆ. ಒಳಗಿನ ಕಾಯಿಲೆ ಹಳೆಯದು. 1980ರಲ್ಲಿ ಎರಡು ಲಕ್ಷ ದಾಟಿದ್ದ ಜನಸಂಖ್ಯೆ 2020ರ ಹೊತ್ತಿಗೆ ಒಂದೂವರೆ ಲಕ್ಷಕ್ಕೆ ಇಳಿದಿತ್ತು. ಅನುಕೂಲಸ್ಥರು, ಅದರಲ್ಲೂ ಬಿಳಿಯರು, ಹೊರವಲಯದ ಹೊಸ ಊರುಗಳಿಗೆ ಹೋದರು. ತೆರಿಗೆ ಅವರ ಜೊತೆ ಹೋಯಿತು. ಕೊಳವೆಗಳು ಮಾತ್ರ ಅದೇ ಉದ್ದ, ಅದೇ ಹಳೆಯವು. ಉಳಿದ ಬಡವರು ಕೊಡುವ ದುಡ್ಡಿನಲ್ಲಿ ರಿಪೇರಿ ಆಗಲಿಲ್ಲ.

ಹಾಗಾದರೆ ಅಮೆರಿಕದ ದಕ್ಷಿಣ ಭಾಗದ ಅದೇ ಊರುಗಳಲ್ಲಿ ಶಾಲೆ ಮಾತ್ರ ಯಾಕೆ ಚೆನ್ನಾಗಿದೆ? ಇದನ್ನು ನಾನು ಬಹಳ ಯೋಚಿಸಿದ್ದೇನೆ. ನನ್ನ ಮಗಳು ಅಲ್ಲಿ ಹೋಗುವುದು ಸರ್ಕಾರಿ ಶಾಲೆಗೆ. ಡಲ್ಲಾಸಿನ ಸುತ್ತ ಕನ್ನಡಿಗರು ಸಾಕಷ್ಟಿದ್ದಾರೆ, 2018ರ ಅಕ್ಕ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೇ ಅಲ್ಲಿ. ನಾನು ಬಲ್ಲ ಕನ್ನಡಿಗರಲ್ಲಿ ಇಂಜಿನಿಯರು, ಡಾಕ್ಟರು ಎನ್ನದೆ ಹೆಚ್ಚಿನವರ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಓದುತ್ತಾರೆ. ಬೆಂಗಳೂರಿನಲ್ಲಿದ್ದಿದ್ದರೆ ಇವರಲ್ಲಿ ಎಷ್ಟು ಜನ ಕಳಿಸುತ್ತಿದ್ದರು, ನೀವೇ ಹೇಳಿ. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಬದಲಿಗೆ ಮನೆ ಕಂದಾಯ ಜಾಸ್ತಿ. ಅದರ ಚೀಟಿಯಲ್ಲಿ ನಗರಕ್ಕೆ ಇಷ್ಟು, ಕೌಂಟಿಗೆ ಇಷ್ಟು, ಶಾಲೆಗೆ ಇಷ್ಟು ಎಂದು ಬಿಡಿಬಿಡಿಯಾಗಿ ಬರೆದಿರುತ್ತದೆ. ಎಲ್ಲಕ್ಕಿಂತ ದೊಡ್ಡ ಪಾಲು ಶಾಲೆಯದು. ಮಗುವೂ ಅಲ್ಲೇ, ದುಡ್ಡೂ ಅಲ್ಲೇ. ಹಾಗಾಗಿ ಶಾಲಾ ಮಂಡಳಿಯ ಸಭೆಗೆ ಜನ ಹೋಗುತ್ತಾರೆ, ಎದ್ದು ನಿಂತು ಕೇಳುತ್ತಾರೆ.

ಅದರಲ್ಲೂ ಹುಳುಕಿದೆ. ಮನೆ ಇರುವ ಜಾಗದ ಮೇಲೆ ಶಾಲೆ ನಿರ್ಧಾರವಾಗುವುದರಿಂದ ಒಳ್ಳೆಯ ಶಾಲೆಯ ಸುತ್ತ ಮನೆ ಬೆಲೆ ಆಕಾಶಕ್ಕೆ ಏರುತ್ತದೆ, ಬಡವನ ಮಗು ಬೇರೆ ಕಡೆ ಉಳಿಯುತ್ತದೆ. ಆದರೂ ಒಂದು ಮಾತು ನನಗೆ ಸ್ಪಷ್ಟವಾಯಿತು. ಕೇಳುವ ಶಕ್ತಿ ಇರುವವರು ಯಾವುದನ್ನು ತಾವೂ ಬಳಸುತ್ತಾರೋ ಅದು ಉಳಿಯುತ್ತದೆ. ಅವರು ಕೈಬಿಟ್ಟದ್ದು ಬಡವರ ಪಾಲಿಗೆ ಹರಕಲಾಗಿ ಸಿಗುತ್ತದೆ. ಅಲ್ಲಿ ಶಾಲೆಯನ್ನು ಎಲ್ಲರೂ ಬಳಸಿದರು, ಬಸ್ಸನ್ನು ಕೈಬಿಟ್ಟರು.

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಇವುಗಳಲ್ಲಿ ರೈಲು ಇರುವುದು ಕೆ.ಆರ್. ನಗರಕ್ಕೆ ಮಾತ್ರ. ಬೆಳಗೊಳದಿಂದ ಹುಣಸೂರು, ಪಿರಿಯಾಪಟ್ಟಣದ ಮೇಲೆ ಕುಶಾಲನಗರಕ್ಕೆ 87 ಕಿ.ಮೀ. ರೈಲು ಮಾರ್ಗದ ಮಾತು ಬಹಳ ಕಾಲದಿಂದ ಇದೆ, ಕಂಬಿ ಇನ್ನೂ ಬಂದಿಲ್ಲ. ಆದರೆ ಕೆಂಪು ಬಸ್ಸು ಹಳ್ಳಿ ಹಳ್ಳಿಗೆ ಬರುತ್ತದೆ. ರಾತ್ರಿ ಊರಲ್ಲೇ ತಂಗಿ ಬೆಳಿಗ್ಗೆ ಮೊದಲು ಹೊರಡುವ ನೈಟ್ ಹಾಲ್ಟ್ ಬಸ್ಸು ಹತ್ತಿಯೇ ನಮ್ಮಲ್ಲಿ ಅನೇಕರು ಕಾಲೇಜು ಮುಗಿಸಿದ್ದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಬಸ್ಸು ರಶ್ಶು, ಹೊತ್ತಿಗೆ ಬರುವುದಿಲ್ಲ ಎಂದು ನಾವು ಬೈಯುತ್ತೇವೆ, ಬೈಯಲೇಬೇಕು. ಎರಡು ದಿನ ಬಸ್ಸು ತಪ್ಪಿದರೆ ಮೂರನೆಯ ದಿನ ಮಕ್ಕಳು ಡಿಪೋ ಮುಂದೆ ನಿಲ್ಲುತ್ತಾರೆ. ಕೇಳುವವರು ಇರುವುದರಿಂದಲೇ ಆ ಬಸ್ಸು ಇನ್ನೂ ಓಡುತ್ತಿದೆ. ನನ್ನ ಡಲ್ಲಾಸಿನ ಊರಿಗೆ ಇಲ್ಲದ ಒಂದು ಆಸ್ತಿ ಅದು.

108 ಆಂಬುಲೆನ್ಸ್ 2008ರಿಂದ ಇದೆ. ಕರೆದರೆ ದುಡ್ಡು ಕೇಳುವುದಿಲ್ಲ. ಟೆಕ್ಸಾಸಿನಲ್ಲಿ ಆಂಬುಲೆನ್ಸ್ ಬೇಗ ಬರುತ್ತದೆ, ಆಮೇಲೆ ಬಿಲ್ಲೂ ಬರುತ್ತದೆ. ಆರೋಗ್ಯ ವಿಮೆ ಇಲ್ಲದವರ ಪ್ರಮಾಣ ಅಮೆರಿಕದಲ್ಲೇ ಅತಿ ಹೆಚ್ಚು ಇರುವ ರಾಜ್ಯ ಅದು. ಆದರೆ ನಮ್ಮಲ್ಲಿ ಆಂಬುಲೆನ್ಸ್ ಹೋಗಿ ನಿಲ್ಲುವ ಆಸ್ಪತ್ರೆಯಲ್ಲಿ ತಜ್ಞ ವೈದ್ಯರು ಇಲ್ಲದಿದ್ದರೆ ಮೈಸೂರಿಗೇ ಓಡಬೇಕು. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಿಂದ ಮೈಸೂರು ಎಷ್ಟು ದೂರ ಎಂಬುದು ರಾತ್ರಿ ಹೆರಿಗೆ ನೋವು ಬಂದವಳಿಗೆ ಗೊತ್ತು.

ನೀರಿನ ಲೆಕ್ಕವೂ ಹಾಗೇ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯ ಹಳೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿವೆ. ಅಣೆಕಟ್ಟಿಗೆ ಮನೆ, ಹೊಲ ಬಿಟ್ಟುಕೊಟ್ಟವರೂ ಆ ತಾಲ್ಲೂಕಿನವರೇ. ಅಂಥ ಕಡೆಯೂ ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುವ ಕೇರಿಗಳಿವೆ. 2019ರಲ್ಲಿ ಜಲಜೀವನ್ ಮಿಷನ್ ಬಂದ ಮೇಲೆ ಮನೆ ಮುಂದೆ ನಲ್ಲಿ ನಿಂತಿದೆ. ಇನ್ನು ಮೋಟಾರು ಸುಟ್ಟರೆ ಯಾರು ಕಟ್ಟಿಸುತ್ತಾರೆ, ಪೈಪು ಒಡೆದರೆ ಯಾರು ಬರುತ್ತಾರೆ ಎಂಬುದೇ ಪ್ರಶ್ನೆ. ಜಾಕ್ಸನ್ನಿನಲ್ಲಿ ಕೊಳವೆ ಇಲ್ಲದೆ ನೀರು ನಿಲ್ಲಲಿಲ್ಲ, ರಿಪೇರಿ ಇಲ್ಲದೆ ನಿಂತಿತು.

ಕೊನೆಗೆ ಶಾಲೆ. ನಾವು ಓದುವಾಗ ಊರಿನ ಗೌಡರ ಮಗ, ಅಂಗಡಿಯವರ ಮಗಳು, ಕೂಲಿಯವರ ಮಗ ಎಲ್ಲರೂ ಇದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಮೇಷ್ಟ್ರು ಒಂದು ವಾರ ಬರದಿದ್ದರೆ ಊರಿಗೇ ಸುದ್ದಿಯಾಗುತ್ತಿತ್ತು. ಈಗ ಬೆಳಿಗ್ಗೆ ಹಳದಿ ವ್ಯಾನುಗಳು ಊರೊಳಗೆ ಬಂದು ಮಕ್ಕಳನ್ನು ತುಂಬಿಕೊಂಡು ಹೋಗುತ್ತವೆ. ಹೊಗೆಸೊಪ್ಪಿನ ದುಡ್ಡು ಕೈಗೆ ಬಂದ ದಿನವೇ ಅರ್ಧ ಫೀಸಿಗೆ ಹೋಗುತ್ತದೆ. ಇಲ್ಲಿ ಉಳಿದಿರುವುದು ವ್ಯಾನಿಗೆ ಕೊಡಲು ಆಗದವರ ಮಕ್ಕಳು. ಅಟ್ಲಾಂಟಾದಲ್ಲಿ ಬಸ್ಸಿಗೆ ಆದದ್ದೇ ನಮ್ಮಲ್ಲಿ ಶಾಲೆಗೆ ಆಗುತ್ತಿದೆ. ಅಪ್ಪ-ಅಮ್ಮಂದಿರನ್ನು ನಾನು ದೂರುವುದಿಲ್ಲ. ಮಗುವಿನ ಬಾಳಿನ ವಿಷಯದಲ್ಲಿ ಯಾರೂ ಪಂದ್ಯ ಕಟ್ಟುವುದಿಲ್ಲ.

ಹೋದ ವಾರ ನನ್ನ ತಂಗಿ ಕೇಳಿದಳು: "ಅಣ್ಣ, ನಿನ್ನ ಮಗಳು ಅಲ್ಲಿ ಸರ್ಕಾರಿ ಶಾಲೇಲಿ ಓದ್ತಾಳೆ. ನನ್ನ ಮಗಳು ಬರೋ ಜೂನಿಗೆ ಎಂಟನೇ ಕ್ಲಾಸು. ನಮ್ಮ ಶಾಲೆಗೇ ಹಾಕು ಅಂತ ಧೈರ್ಯವಾಗಿ ಹೇಳ್ತೀಯಾ?" ನಾನು ತಿರುಗಿ ಕೇಳಿದೆ: "ಏನಿದ್ದರೆ ಹಾಕ್ತೀಯ?" ಅವಳು ಮೂರು ಹೇಳಿದಳು. ಗಣಿತಕ್ಕೂ ವಿಜ್ಞಾನಕ್ಕೂ ವರ್ಷಪೂರ್ತಿ ಮೇಷ್ಟ್ರು ಇರಬೇಕು. ಹೆಣ್ಣುಮಕ್ಕಳ ಶೌಚಾಲಯದಲ್ಲಿ ದಿನಾ ನೀರಿರಬೇಕು. ಸಂಜೆ ವಿಶೇಷ ತರಗತಿ ಮುಗಿದ ಮೇಲೆ ಒಂದು ಬಸ್ಸಿರಬೇಕು.

ಇದಕ್ಕಿಂತ ಒಳ್ಳೆಯ ಸುವರ್ಣ ಮಹೋತ್ಸವದ ಯೋಜನೆ ನನಗೆ ತೋಚುತ್ತಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ದುಡ್ಡು ಕೊಡುವವರು ಹೆಸರು ಕೆತ್ತಿಸುವ ಕಮಾನಿಗೆ ಕೊಡಬೇಡಿ, ರಿಪೇರಿಗೆ ಕೊಡಿ. ಪ್ರತಿ ವರ್ಷ ಒಂದಿಷ್ಟು ಹಣ ಶಾಲೆಯ ಖಾತೆಯಲ್ಲಿ ಮೋಟಾರಿಗೆ, ನಲ್ಲಿಗೆ, ಬೀಗಕ್ಕೆ, ಬಲ್ಬಿಗೆ ಎಂದೇ ಇರಲಿ. ಅದರ ಲೆಕ್ಕ ನೋಟಿಸ್ ಬೋರ್ಡಿನಲ್ಲಿ ಇರಲಿ. ಮೇಷ್ಟ್ರ ಹುದ್ದೆ ಖಾಲಿ ಬಿದ್ದರೆ ಅತಿಥಿ ಶಿಕ್ಷಕರು ಬರುವವರೆಗೆ ಪಾಠ ನಿಲ್ಲದಂತೆ ನಮ್ಮಲ್ಲಿ ಓದಿದವರು ಸರದಿ ಹಾಕಿಕೊಳ್ಳೋಣ. ದೂರದಲ್ಲಿರುವವರು ಫೋನಿನಲ್ಲಾದರೂ ಲೆಕ್ಕ ಹೇಳಿಕೊಡಬಹುದು, ನಾನು ವಾರಕ್ಕೆ ಎರಡು ದಿನ ಸಿದ್ಧ.

ಊರಿನವರಲ್ಲಿ ಇನ್ನೊಂದು ಕೋರಿಕೆ. ಶಾಲಾಭಿವೃದ್ಧಿ ಸಮಿತಿಯ ಸಭೆ, ಗ್ರಾಮಸಭೆ ಎರಡೂ ನಿಮ್ಮವೇ. ಆರು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಯಲೇಬೇಕೆಂದು ಕಾನೂನಿದೆ. ಸಂಜೆ ಬಸ್ಸಿನ ಮಾತನ್ನು ಅಲ್ಲಿ ಬರೆಸಿ, ಡಿಪೋಗೆ ಅದರ ಪ್ರತಿ ಕೊಡಿ. ನಿಮ್ಮ ಮಗು ಈ ಶಾಲೆಯಲ್ಲಿ ಇಲ್ಲದಿದ್ದರೂ ಬನ್ನಿ. ವ್ಯಾನು ಹತ್ತಿಸಲು ಆಗದ ಅಪ್ಪ ಅವತ್ತು ಕೂಲಿ ಬಿಟ್ಟು ಬರಲಾರ. ಅವನ ಪರವಾಗಿ ಕೇಳುವ ದನಿ ಬೇಕು.

ಅಲ್ಲಿ ಚೆಂದವೋ ಇಲ್ಲಿ ಚೆಂದವೋ ಎಂದವರಿಗೆ ನನ್ನ ಉತ್ತರ ಇದು. ಕಾರು, ಸಂಬಳ, ವಿಮೆ ಮೂರೂ ಇದ್ದರೆ ಅಲ್ಲಿ ಸುಖವಾಗಿ ಇರಬಹುದು. ಅವು ಇಲ್ಲದವನ ಬದುಕು ಹೇಗಿದೆ ಎಂದು ನೋಡಿಯೇ ನಾನು ಒಂದು ಊರನ್ನು ತೂಗುವುದು, ಆ ಊರು ಟೆಕ್ಸಾಸಿನದಾಗಲಿ ಪಿರಿಯಾಪಟ್ಟಣದ್ದಾಗಲಿ. ಬರುವ ಜೂನಿನೊಳಗೆ ತಂಗಿ ಹೇಳಿದ ಮೂರರಲ್ಲಿ ಎರಡಾದರೂ ಆದರೆ ನನ್ನ ಸೊಸೆ ಈ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುತ್ತಾಳೆ. ಅವಳ ಜೊತೆ ಇನ್ನೂ ನಾಲ್ಕು ಮನೆಯ ಮಕ್ಕಳು ಬರುತ್ತಾರೆಂದು ತಂಗಿ ಹೇಳಿದ್ದಾಳೆ.